ಕಾನೂನು ಕಾಯ್ದ ಊರನ್ನು ಕಾನೂನೇ ಅಳಿಸಿತು

ಹಂಗೇರಿಯ ಈಶಾನ್ಯ ಭಾಗದಲ್ಲಿ, ಬೊದ್ರೊಗ್ ನದಿಯ ದಂಡೆಯ ಮೇಲೆ ಬೊದ್ರೊಗ್‌ಕೆರೆಸ್ತೂರ್ ಎಂಬ ಹಳ್ಳಿಯಿದೆ. ಹಿಂದೆ ಗುಡ್ಡಗಳ ಸಾಲು, ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿ ತೋಟ, ಮುಂದೆ ನಿಧಾನವಾಗಿ ಹರಿಯುವ ನದಿ. ಜನಸಂಖ್ಯೆ ಒಂದು ಸಾವಿರದ ಆಸುಪಾಸು. ವರ್ಷದ ಹೆಚ್ಚಿನ ದಿನಗಳಲ್ಲಿ ಇದು ಸದ್ದುಗದ್ದಲವಿಲ್ಲದ ಊರು.

ಆದರೆ ಏಪ್ರಿಲ್ ಕೊನೆ ಅಥವಾ ಮೇ ತಿಂಗಳ ಆರಂಭದಲ್ಲಿ, ಯಹೂದಿ ಪಂಚಾಂಗದ ಇಯ್ಯಾರ್ ಮಾಸದ ಮೂರನೇ ದಿನ ಬಂತೆಂದರೆ ಚಿತ್ರವೇ ಬದಲಾಗುತ್ತದೆ. ಅಮೆರಿಕ, ಇಸ್ರೇಲ್, ಬ್ರಿಟನ್, ಬೆಲ್ಜಿಯಂಗಳಿಂದ ಹತ್ತಾರು ಸಾವಿರ ಯಹೂದಿ ಯಾತ್ರಿಕರು ಇಲ್ಲಿಗೆ ಬಂದಿಳಿಯುತ್ತಾರೆ. ಕಪ್ಪು ನಿಲುವಂಗಿ, ಕಪ್ಪು ಟೋಪಿ, ಕೆನ್ನೆಯ ಪಕ್ಕ ಇಳಿಬಿದ್ದ ಗುಂಗುರು ಕೂದಲಿನ ಗಂಡಸರಿಂದ ಬೀದಿಗಳು ತುಂಬಿಹೋಗುತ್ತವೆ. ಎಲ್ಲರ ಗುರಿ ಒಂದೇ: ಗುಡ್ಡದ ಮೇಲಿನ ಹಳೆಯ ಯಹೂದಿ ಸ್ಮಶಾನದಲ್ಲಿರುವ, 1925ರಲ್ಲಿ ತೀರಿಕೊಂಡ ಒಬ್ಬ ರಬ್ಬಿಯ ಸಮಾಧಿ. ಯಾತ್ರಿಕರು ಈ ಊರನ್ನು ಹಂಗೇರಿಯನ್ ಹೆಸರಿನಿಂದ ಕರೆಯುವುದಿಲ್ಲ. ತಮ್ಮ ಅಜ್ಜಂದಿರ ಯಿಡ್ಡಿಷ್ ಭಾಷೆಯಲ್ಲಿ ಅವರು ಇದನ್ನು 'ಕೆರೆಸ್ತಿರ್' ಎನ್ನುತ್ತಾರೆ.

ಇಷ್ಟೊಂದು ಜನ ಹುಡುಕಿಕೊಂಡು ಬರುವ ಈ ಊರಿನಲ್ಲಿ, ತಲೆಮಾರುಗಳಿಂದ ಬಾಳಿದ್ದ ಯಹೂದಿ ಸಮುದಾಯ ಮಾತ್ರ ಇಂದು ಇಲ್ಲ. 1944ರ ವಸಂತದಲ್ಲಿ, ಕೆಲವೇ ವಾರಗಳಲ್ಲಿ ಅದು ನಿರ್ನಾಮವಾಯಿತು. ಹೇಗೆ ಎಂಬ ಪ್ರಶ್ನೆಗೆ 'ಹಿಟ್ಲರ್' ಎಂಬ ಒಂದೇ ಪದದ ಉತ್ತರ ಸಾಲದು. ಈ ಊರಿನ ಕಥೆಯಲ್ಲಿ ಟ್ಯಾಂಕು, ಫಿರಂಗಿಗಳಿಗಿಂತ ಹೆಚ್ಚು ಕಾಣಿಸುವುದು ಕಾಯ್ದೆ, ಸುತ್ತೋಲೆ ಮತ್ತು ಹೆಸರುಗಳ ಪಟ್ಟಿ.

ದ್ರಾಕ್ಷಿ ತಂದ ನಂಟು

ಕೆರೆಸ್ತಿರ್ ಇರುವುದು ತೊಕಾಯ್ ಸೀಮೆಯಲ್ಲಿ. ಇಲ್ಲಿನ 'ಅಸೂ' ಎಂಬ ಸಿಹಿ ದ್ರಾಕ್ಷಾರಸಕ್ಕೆ ಶತಮಾನಗಳ ಖ್ಯಾತಿಯಿದೆ. ಬೊದ್ರೊಗ್ ಮತ್ತು ತಿಸಾ ನದಿಗಳಿಂದ ಏಳುವ ಶರತ್ಕಾಲದ ಮಂಜಿನಲ್ಲಿ ದ್ರಾಕ್ಷಿಗೆ ಒಂದು ಬಗೆಯ ಬೂಷ್ಟು ಹಿಡಿಯುತ್ತದೆ. ಹಣ್ಣು ಕೊಳೆಯುವ ಬದಲು ಬಳ್ಳಿಯಲ್ಲೇ ಸುಕ್ಕುಗಟ್ಟಿ, ಸಕ್ಕರೆಯಂಶ ಮಡುಗಟ್ಟುತ್ತದೆ. ಅದನ್ನು ಕೈಯಿಂದ ಒಂದೊಂದಾಗಿ ಆರಿಸಿ ಈ ದ್ರಾಕ್ಷಾರಸ ತಯಾರಿಸುತ್ತಾರೆ. 2002ರಲ್ಲಿ ಯುನೆಸ್ಕೊ ಈ ಇಡೀ ಸೀಮೆಯನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಉತ್ತರದ ಪೋಲೆಂಡ್ ಕಡೆಯಿಂದ ಯಹೂದಿಗಳನ್ನು ಇಲ್ಲಿಗೆ ಸೆಳೆದದ್ದು ಇದೇ ದ್ರಾಕ್ಷಾರಸ. ಸಬ್ಬತ್ತಿನ ಪ್ರಾರ್ಥನೆಗೆ, ಮದುವೆಗೆ, ಹಬ್ಬಕ್ಕೆ ಯಹೂದಿಗಳಿಗೆ ದ್ರಾಕ್ಷಾರಸ ಬೇಕು. ಅದೂ ಹಣ್ಣು ತುಳಿಯುವ ಹಂತದಿಂದ ಧರ್ಮನಿಷ್ಠ ಯಹೂದಿಗಳ ಕೈಯಲ್ಲೇ ತಯಾರಾದ 'ಕೋಶರ್' ದ್ರಾಕ್ಷಾರಸವಾಗಿರಬೇಕು. ಪೋಲೆಂಡಿನ ದೊಡ್ಡ ಯಹೂದಿ ಸಮುದಾಯಕ್ಕೆ ಇದನ್ನು ಒದಗಿಸಲು ಬಂದ ವ್ಯಾಪಾರಿಗಳು ಹದಿನೆಂಟನೇ ಶತಮಾನದಲ್ಲಿ ಈ ಹಳ್ಳಿಗಳಲ್ಲೇ ನೆಲೆಯೂರಿದರು. ಅವರ ಹಿಂದೆಯೇ ಪೀಪಾಯಿ ಮಾಡುವವರು, ಗಾಡಿಯವರು, ದರ್ಜಿಗಳು, ಅಂಗಡಿಯವರು ಬಂದರು. ಪಕ್ಕದ ಮಾದ್ ಎಂಬ ಹಳ್ಳಿಯಲ್ಲಿ 1795ರಲ್ಲಿ ಕಟ್ಟಿದ ಸಿನಗಾಗ್ ಇಂದಿಗೂ ನಿಂತಿದೆ. ಒಂದು ಹಳ್ಳಿಯ ಪ್ರಾರ್ಥನಾ ಮಂದಿರಕ್ಕೆ ಅಷ್ಟು ವೈಭವ ಬರಬೇಕಾದರೆ ವ್ಯಾಪಾರ ಎಷ್ಟು ಹುಲುಸಾಗಿತ್ತೆಂದು ಊಹಿಸಬಹುದು.

ವ್ಯಾಪಾರದ ಬೆನ್ನಿಗೆ ಭಕ್ತಿಯೂ ಬಂತು. ಹಾಡು, ಕುಣಿತ, ಗುರುಭಕ್ತಿಗೆ ಒತ್ತು ಕೊಡುವ ಹಸಿದೀ ಪಂಥವನ್ನು ಹಂಗೇರಿಯಲ್ಲಿ ಬೇರೂರಿಸಿದ ರಬ್ಬಿ ಮೋಷೆ ತೈತೆಲ್‌ಬೌಮ್ ನೆಲೆಸಿದ್ದು ಇದೇ ಜಿಲ್ಲೆಯ ಕೇಂದ್ರವಾದ ಶಾತೊರಾಲ್ಯಾ-ಉಯ್‌ಹೆಯ್ ಪಟ್ಟಣದಲ್ಲಿ. 1841ರಲ್ಲಿ ಅವರು ತೀರಿಕೊಂಡದ್ದೂ ಅಲ್ಲೇ. ಕೆರೆಸ್ತಿರ್‌ಗೆ ಸಮೀಪದ ಓಲಸ್‌ಲಿಸ್ಕದಲ್ಲಿ ರಬ್ಬಿ ತ್ಸ್ವಿ ಹಿರ್ಷ್ ಫ್ರೀಡ್‌ಮನ್ ಇದ್ದರು. ಅವರ ಬಳಿ ಶಿಷ್ಯನಾಗಿ ಬಂದ ಒಬ್ಬ ಬಡ ಹುಡುಗನೇ ಮುಂದೆ ಕೆರೆಸ್ತಿರ್‌ನ ಸಂತನಾದ ಯೆಶಾಯ ಸ್ಟೈನರ್. ಭಕ್ತರ ಬಾಯಲ್ಲಿ 'ರೆಬ್ ಶಾಯೆಲೆ'.

1851ರಲ್ಲಿ ಹುಟ್ಟಿದ ರೆಬ್ ಶಾಯೆಲೆ ದೊಡ್ಡ ಗ್ರಂಥಗಳನ್ನು ಬರೆದು ಹೆಸರಾದವರಲ್ಲ. ಅವರ ಕೀರ್ತಿಯೆಲ್ಲ ಅವರ ಅಡುಗೆಮನೆಯದು. ಹಸಿದು ಬಂದವರಿಗೆ, ದಾರಿಹೋಕರಿಗೆ, ಭಿಕ್ಷುಕರಿಗೆ ಅವರ ಮನೆಯ ಬಾಗಿಲು ಹಗಲುರಾತ್ರಿ ತೆರೆದಿತ್ತು. ಒಬ್ಬ ವ್ಯಾಪಾರಿಯ ಕಣಜಕ್ಕೆ ಮುತ್ತಿದ ಇಲಿಗಳು ಅವರ ಮಾತಿನಿಂದ ಓಡಿಹೋದವೆಂಬ ಕಥೆ ಇಂದಿಗೂ ಜನಪ್ರಿಯ. ಇಲಿಕಾಟ ನೀಗಲೆಂದು ಇಂದೂ ಎಷ್ಟೋ ಯಹೂದಿ ಮನೆ, ಅಂಗಡಿಗಳಲ್ಲಿ ಅವರ ಭಾವಚಿತ್ರ ತೂಗುಹಾಕುತ್ತಾರೆ.

ನ್ಯಾಯಾಲಯ ಕಾಯ್ದ ಕಾಲ

ಈ ಸಹಬಾಳ್ವೆ ತಂಟೆತಕರಾರಿಲ್ಲದೆ ನಡೆಯಿತೆಂದೇನೂ ಅಲ್ಲ. ಆದರೆ ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಹಂಗೇರಿಯ ಕಾನೂನು ಯಹೂದಿಗಳ ಬೆನ್ನಿಗಿತ್ತು. 1867ರ ಕಾಯ್ದೆ ಅವರಿಗೆ ಸಮಾನ ನಾಗರಿಕ ಹಕ್ಕು ಕೊಟ್ಟಿತು. 1895ರ ಕಾಯ್ದೆ ಅವರ ಧರ್ಮಕ್ಕೆ ಕ್ರೈಸ್ತ ಪಂಥಗಳಿಗೆ ಸರಿಸಮನಾದ ಸ್ಥಾನ ನೀಡಿತು.

ಈ ಕಾನೂನಿನ ಬಲ ಎಷ್ಟೆಂಬುದು ತೊಕಾಯ್‌ಗೆ ಸಮೀಪದ, ತಿಸಾ ನದಿಯ ಇನ್ನೊಂದು ಹಳ್ಳಿಯಲ್ಲಿ ಪರೀಕ್ಷೆಗೆ ಒಳಗಾಯಿತು. 1882ರ ಏಪ್ರಿಲ್ 1ರಂದು ತಿಸಾಎಸ್ಲಾರ್‌ನಲ್ಲಿ ಎಸ್ತೆರ್ ಶೊಯ್‌ಮೊಶಿ ಎಂಬ 14 ವರ್ಷದ ಮನೆಗೆಲಸದ ಹುಡುಗಿ ಕಾಣೆಯಾದಳು. ಪಸ್ಕ ಹಬ್ಬಕ್ಕೆ ರಕ್ತ ಬೇಕೆಂದು ಯಹೂದಿಗಳೇ ಅವಳನ್ನು ಸಿನಗಾಗ್‌ನಲ್ಲಿ ಕೊಂದರೆಂಬ ಗಾಳಿಮಾತು ಎದ್ದಿತು. ಯುರೋಪಿನಲ್ಲಿ ಮಧ್ಯಯುಗದಿಂದಲೂ ನಡೆದುಬಂದಿದ್ದ, ಆಧಾರವೇ ಇಲ್ಲದ ಆರೋಪವಿದು. ಸಿನಗಾಗ್‌ನ ಸೇವಕನ ಮಗನನ್ನೇ ತಂದೆಯ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸಲಾಯಿತು. ಹದಿನೈದು ಮಂದಿ ಕಟಕಟೆ ಹತ್ತಿದರು.

ವಿಚಾರಣೆ ನ್ಯೀರೆಜ್‌ಹಾಜ ಪಟ್ಟಣದಲ್ಲಿ ನಡೆಯಿತು. ಆರೋಪಿಗಳ ಪರ ವಾದಿಸಿದವರು ಕಾರೊಯ್ ಎಯೊತ್ವೊಶ್ ಎಂಬ ಹೆಸರಾಂತ ವಕೀಲ, ಲೇಖಕ. ಅವರು ಯಹೂದಿಯಲ್ಲ. ಹುಡುಗನಿಗೆ ಸಾಕ್ಷ್ಯವನ್ನು ಬಾಯಿಪಾಠ ಮಾಡಿಸಲಾಗಿದೆ ಎಂಬುದು ನ್ಯಾಯಾಲಯದಲ್ಲಿ ಬಯಲಾಯಿತು. 1883ರ ಆಗಸ್ಟ್ 3ರಂದು ಹದಿನೈದು ಮಂದಿಯೂ ನಿರ್ದೋಷಿಗಳೆಂದು ಬಿಡುಗಡೆಯಾದರು. ತೀರ್ಪಿನ ಬಳಿಕ ಹಲವೆಡೆ ಯಹೂದಿಗಳ ಅಂಗಡಿಗಳ ಮೇಲೆ ದಾಳಿ ನಡೆದರೂ ಸರ್ಕಾರ ಅದನ್ನು ಬಲವಾಗಿ ಹತ್ತಿಕ್ಕಿತು. ಜನರ ನಡುವೆ ದ್ವೇಷವಿದ್ದರೂ ಪ್ರಭುತ್ವ ಅದರ ಕೈಗೆ ಆಯುಧ ಕೊಡಲಿಲ್ಲ. ಆ ಕಾಲಕ್ಕೂ 1944ಕ್ಕೂ ಇರುವ ವ್ಯತ್ಯಾಸ ಇಲ್ಲಿದೆ.

ಒಂದೊಂದೇ ಮೆಟ್ಟಿಲು

ಮೊದಲ ಮಹಾಯುದ್ಧದಲ್ಲಿ ಹಂಗೇರಿ ಸೋತಿತು. 1920ರ ಟ್ರಿಯಾನಾನ್ ಒಪ್ಪಂದದಲ್ಲಿ ದೇಶ ತನ್ನ ಮೂರನೇ ಎರಡು ಭಾಗದಷ್ಟು ನೆಲ ಕಳೆದುಕೊಂಡಿತು. ಶಾತೊರಾಲ್ಯಾ-ಉಯ್‌ಹೆಯ್ ಪಟ್ಟಣವೇ ಎರಡಾಗಿ, ಒಂದು ತುಂಡು ಚೆಕೊಸ್ಲೊವಾಕಿಯಾಕ್ಕೆ ಹೋಯಿತು. ನಡುವೆ ಹರಿಯುವ ಚಿಕ್ಕ ತೊರೆಯೊಂದು ಅಂತರರಾಷ್ಟ್ರೀಯ ಗಡಿಯಾಯಿತು. ಈ ಅವಮಾನಕ್ಕೆ ಯಾರನ್ನಾದರೂ ಹೊಣೆ ಮಾಡಬೇಕಿತ್ತು. ಯುದ್ಧದಲ್ಲಿ ಸುಮಾರು ಹತ್ತು ಸಾವಿರ ಯಹೂದಿ ಯೋಧರು ಹಂಗೇರಿಗಾಗಿ ಸತ್ತಿದ್ದರೂ ಬೆರಳು ಹೊರಳಿದ್ದು ಯಹೂದಿಗಳತ್ತಲೇ.

ಅದೇ 1920ರಲ್ಲಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ಮಿತಿ ಹಾಕುವ ಕಾಯ್ದೆ ಬಂತು. ಯಹೂದಿ ವಿದ್ಯಾರ್ಥಿಗಳ ಪಾಲು ಶೇಕಡ 6ರಷ್ಟಕ್ಕೆ ಇಳಿಯಬೇಕೆಂಬುದು ಅದರ ಉದ್ದೇಶ. ಆಗ ಹಿಟ್ಲರ್ ಹೆಸರು ಮ್ಯೂನಿಕ್‌ನ ಆಚೆ ಯಾರಿಗೂ ಗೊತ್ತಿರಲಿಲ್ಲ.

1938ರ ಕಾಯ್ದೆ ವೃತ್ತಿ, ವಾಣಿಜ್ಯಗಳಲ್ಲಿ ಯಹೂದಿಗಳ ಪಾಲನ್ನು ಶೇಕಡ 20ಕ್ಕೆ ಮಿತಿಗೊಳಿಸಿತು. 1939ರ ಕಾಯ್ದೆ ಅದನ್ನು ಶೇಕಡ 6ಕ್ಕೆ ಇಳಿಸಿತು. 1941ರ ಕಾಯ್ದೆ ಯಹೂದಿ ಮತ್ತು ಯಹೂದಿಯೇತರರ ನಡುವಿನ ಮದುವೆಯನ್ನು ನಿಷೇಧಿಸಿತು. 1942ರಲ್ಲಿ ಯಹೂದಿ ಧರ್ಮಕ್ಕೆ 1895ರಲ್ಲಿ ಸಿಕ್ಕಿದ್ದ ಸಮಾನ ಸ್ಥಾನ ರದ್ದಾಯಿತು. ಅದೇ ವರ್ಷದ ಇನ್ನೊಂದು ಕಾಯ್ದೆ ಯಹೂದಿಗಳ ಕೃಷಿಭೂಮಿ ಮತ್ತು ಅರಣ್ಯಭೂಮಿಯನ್ನು ಕಿತ್ತುಕೊಳ್ಳಲು ದಾರಿ ಮಾಡಿತು. ನೆಲ, ಬಳ್ಳಿಗಳನ್ನು ನಂಬಿದ್ದ ತೊಕಾಯ್ ಸೀಮೆಯಲ್ಲಿ ಇದರ ಅರ್ಥ ಏನೆಂದು ವಿವರಿಸಬೇಕಿಲ್ಲ. ಸೇನೆಗೆ ಸೇರುವ ವಯಸ್ಸಿನ ಯಹೂದಿ ಗಂಡಸರಿಗೆ ಬಂದೂಕಿನ ಬದಲು ಗುದ್ದಲಿ ಕೊಟ್ಟು 'ದುಡಿಮೆ ಪಡೆ'ಗೆ ಕಳುಹಿಸಲಾಯಿತು. ರಷ್ಯಾದ ರಣಭೂಮಿಯಲ್ಲಿ ಸಾವಿರಾರು ಮಂದಿ ಚಳಿ, ಹಸಿವು, ಹಿಂಸೆಗಳಿಂದ ಸತ್ತರು.

ಗಮನಿಸಬೇಕಾದ ಮಾತೆಂದರೆ ಇದೆಲ್ಲ ನಡೆದಾಗ ಹಂಗೇರಿಯಲ್ಲಿ ಜರ್ಮನ್ ಆಡಳಿತ ಇರಲಿಲ್ಲ. ಅಡ್ಮಿರಲ್ ಮಿಕ್ಲೋಶ್ ಹೋರ್ತಿ ರಾಷ್ಟ್ರದ ಮುಖ್ಯಸ್ಥರಾಗಿದ್ದರು. ಸಂಸತ್ತು ಇತ್ತು, ಚರ್ಚೆ ಇತ್ತು, ಮತದಾನವೂ ಇತ್ತು. ಈ ಕಾಯ್ದೆಗಳೆಲ್ಲ ಕ್ರಮಬದ್ಧವಾಗಿಯೇ ಹೊರಬಂದವು. ಅಷ್ಟಾದರೂ ಸುತ್ತಲಿನ ದೇಶಗಳ ಯಹೂದಿಗಳು ಸಾವಿನ ಶಿಬಿರಗಳಿಗೆ ಹೋಗುತ್ತಿದ್ದಾಗ ಹಂಗೇರಿಯ ಸುಮಾರು ಏಳೂವರೆ ಲಕ್ಷ ಯಹೂದಿಗಳು ಜೀವಂತವಾಗಿದ್ದರು. ಯುದ್ಧ ಮುಗಿಯುವತ್ತ ಸಾಗಿತ್ತು. ಸೋವಿಯತ್ ಸೇನೆ ಕಾರ್ಪೇಥಿಯನ್ ಬೆಟ್ಟಗಳತ್ತ ಬರುತ್ತಿತ್ತು. ತಾವು ಬದುಕುಳಿದೆವೆಂದೇ ಅವರು ನಂಬಿದ್ದರು.

ಏಪ್ರಿಲ್ 7, 1944

ಹಂಗೇರಿ ಗುಟ್ಟಾಗಿ ಮಿತ್ರರಾಷ್ಟ್ರಗಳ ಜತೆ ಸಂಧಾನಕ್ಕೆ ಯತ್ನಿಸುತ್ತಿದೆ ಎಂದು ಅರಿತ ಹಿಟ್ಲರ್ 1944ರ ಮಾರ್ಚ್ 19ರಂದು ಸೇನೆ ನುಗ್ಗಿಸಿದ. ಹೋರ್ತಿ ಅಧಿಕಾರದಲ್ಲೇ ಉಳಿದರು. ದೊಮೆ ಸ್ತೊಯೈ ನೇತೃತ್ವದಲ್ಲಿ ಹೊಸ ಸರ್ಕಾರ ಬಂತು. ಸೇನೆಯ ಜತೆ ಬಂದ ಅಡಾಲ್ಫ್ ಐಕ್‌ಮನ್‌ನ ಕೈಕೆಳಗಿದ್ದವರು ಇನ್ನೂರರ ಆಸುಪಾಸು ಮಂದಿ. ಅಷ್ಟು ಜನರಿಂದ ಹಳ್ಳಿಹಳ್ಳಿಗಳಲ್ಲಿ ಹರಡಿದ್ದ ಲಕ್ಷಾಂತರ ಜನರನ್ನು ಹುಡುಕಿ ಹಿಡಿಯುವುದು ಆಗದ ಮಾತು. ಆ ಕೆಲಸ ಮಾಡಿದ್ದು ಹಂಗೇರಿಯದೇ ಆಡಳಿತ ಯಂತ್ರ.

ಏಪ್ರಿಲ್ 5ರಿಂದ ಯಹೂದಿಗಳು ಎದೆಯ ಮೇಲೆ ಹಳದಿ ನಕ್ಷತ್ರ ಧರಿಸುವುದು ಕಡ್ಡಾಯವಾಯಿತು. ಏಪ್ರಿಲ್ 7ರಂದು ಒಳಾಡಳಿತ ಖಾತೆಯಿಂದ ರಹಸ್ಯ ಸುತ್ತೋಲೆಯೊಂದು ಹೊರಟಿತು. ಸಹಿ ಮಾಡಿದವನು ರಾಜ್ಯ ಕಾರ್ಯದರ್ಶಿ ಲಾಸ್ಲೊ ಬಕಿ. ದೇಶವನ್ನು ಯಹೂದಿಗಳಿಂದ 'ಶುದ್ಧಗೊಳಿಸುವ' ವಿಧಾನ ಅದರಲ್ಲಿ ಅಂಶಅಂಶವಾಗಿ ಇತ್ತು. ತೊಟ್ಟ ಬಟ್ಟೆ, ಎರಡು ಜತೆ ಒಳಉಡುಪು, ಹದಿನಾಲ್ಕು ದಿನದ ಆಹಾರ, ಹಾಸಿಗೆ ಸೇರಿ ಒಟ್ಟು 50 ಕಿಲೋ ಸಾಮಾನು ತರಬಹುದು. ಹಣ, ಒಡವೆ, ಬೆಲೆಬಾಳುವ ವಸ್ತು ಕೂಡದು. ಊರೂರಿನಲ್ಲಿ ಯಹೂದಿಗಳ ಪಟ್ಟಿ ತಯಾರಾಗಬೇಕು. ಅದಕ್ಕೆ ನಾಲ್ಕು ಪ್ರತಿ ಇರಬೇಕು. ಪಟ್ಟಿ ಮಾಡಿಕೊಡುವ ಹೊಣೆಯನ್ನು ಯಹೂದಿ ಸಮುದಾಯದ ಮುಖಂಡರ ಮೇಲೇ ಹೊರಿಸಲಾಯಿತು.

ಆ ದಿನ ಇನ್ನೆರಡು ಸಂಗತಿಗಳೂ ನಡೆದವು. ಅಂದು ಸಂಜೆ ಪಸ್ಕ ಹಬ್ಬ ಶುರುವಾಯಿತು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪಿಗಾಗಿ ಯಹೂದಿಗಳು ಆಚರಿಸುವ ಹಬ್ಬವಿದು. ಅದೇ ದಿನ ಆಶ್‌ವಿಟ್ಜ್ ಶಿಬಿರದಲ್ಲಿ ರುಡಾಲ್ಫ್ ವ್ರ್ಬಾ ಮತ್ತು ಆಲ್ಫ್ರೆಡ್ ವೆಟ್ಸ್ಲರ್ ಎಂಬ ಇಬ್ಬರು ಸ್ಲೊವಾಕ್ ಯಹೂದಿ ಕೈದಿಗಳು ಮರದ ದಿಮ್ಮಿಗಳ ರಾಶಿಯೊಳಗೆ ಅವಿತುಕೊಂಡರು. ಮೂರು ದಿನಗಳ ಬಳಿಕ ಅಲ್ಲಿಂದ ಪಾರಾಗಿ ಸ್ಲೊವಾಕಿಯಾ ಸೇರಿದ ಅವರು ವಿಷಾನಿಲದ ಕೋಣೆಗಳ ವಿವರವನ್ನು ಬರೆಸಿದರು. ಆದರೆ ಆ ವರದಿ ಹಂಗೇರಿಯ ಹಳ್ಳಿಗಳ ಜನರಿಗೆ ತಲುಪಲೇ ಇಲ್ಲ. ತಮ್ಮನ್ನು ಎಲ್ಲೋ ಕೂಲಿ ಕೆಲಸಕ್ಕೆ ಒಯ್ಯುತ್ತಾರೆಂದೇ ರೈಲು ಹತ್ತುವವರೆಗೂ ಅನೇಕರು ನಂಬಿದ್ದರು.

ಹಬ್ಬ ಮುಗಿದ ಮರುದಿನ, ಏಪ್ರಿಲ್ 16ರ ಭಾನುವಾರ ಬೆಳಕು ಹರಿಯುವ ಮುನ್ನ ಈಶಾನ್ಯ ಹಂಗೇರಿಯಲ್ಲಿ ಕಾರ್ಯಾಚರಣೆ ಶುರುವಾಯಿತು. ಮನೆ ಬಾಗಿಲು ಬಡಿದವರು 'ಚೆಂದೋರ್' ಎಂಬ ಗ್ರಾಮಾಂತರ ಸಶಸ್ತ್ರ ಪೊಲೀಸರು. ಹುಂಜದ ಗರಿ ಸಿಕ್ಕಿಸಿದ ಟೋಪಿಯ ಈ ಪೊಲೀಸರು ಹಳ್ಳಿಗರಿಗೆ ಹೊಸಬರಲ್ಲ. ಜತೆಯಲ್ಲಿದ್ದವನು ಊರಿನ ದಫ್ತರ ಇಡುವ, ಶಾನುಭೋಗರಂಥ ಅಧಿಕಾರಿ. ಬಿಟ್ಟುಹೋದ ಮನೆಗಳ ಪಾತ್ರೆಪಗಡಿ, ಪೀಠೋಪಕರಣ ಪಟ್ಟಿ ಮಾಡಲು ಸರ್ಕಾರಿ ನೌಕರರು, ಶಾಲಾ ಮಾಸ್ತರರು ನೇಮಕವಾದರು. ಹೆಂಗಸರು ಒಡವೆ ಬಚ್ಚಿಟ್ಟಿದ್ದಾರೆಯೇ ಎಂದು ಅವರ ಮೈಯನ್ನು ಶೋಧಿಸಲು ಕರೆತಂದದ್ದು ಸೂಲಗಿತ್ತಿಯರನ್ನು. ಹೆರಿಗೆ ಮಾಡಿಸುವ ಕೈಗಳಿಗೂ ಈ ಕೆಲಸ ಹಚ್ಚಲಾಯಿತು.

ಹಳ್ಳಿಗಳ ಯಹೂದಿಗಳನ್ನು ಮೊದಲು ಸಿನಗಾಗ್ ಅಥವಾ ಸಮುದಾಯದ ಕಟ್ಟಡಗಳಲ್ಲಿ ಕೂಡಿಹಾಕಿ, ಅಲ್ಲಿಂದ ಜಿಲ್ಲಾ ಕೇಂದ್ರದ ಘೆಟ್ಟೊಗೆ ಸಾಗಿಸುವುದು ಕ್ರಮವಾಗಿತ್ತು. ಕೆರೆಸ್ತಿರ್, ಮಾದ್, ಓಲಸ್‌ಲಿಸ್ಕಗಳ ಯಹೂದಿಗಳು ಸೇರಿದ್ದು ಶಾತೊರಾಲ್ಯಾ-ಉಯ್‌ಹೆಯ್ ಘೆಟ್ಟೊಗೆ. ಅಲ್ಲಿ ಸುಮಾರು 15 ಸಾವಿರ ಜನರನ್ನು ತುಂಬಲಾಗಿತ್ತು. ಆ ವರ್ಷ ರೆಬ್ ಶಾಯೆಲೆಯ ಪುಣ್ಯದಿನ ಬಂದದ್ದು ಏಪ್ರಿಲ್ 26ರಂದು, ಕಾರ್ಯಾಚರಣೆ ಶುರುವಾದ ಹತ್ತನೇ ದಿನ.

ಮೇ 16ರಿಂದ ಜೂನ್ 3ರ ನಡುವೆ ನಾಲ್ಕು ಗೂಡ್ಸ್ ರೈಲುಗಳಲ್ಲಿ ಆ ಘೆಟ್ಟೊ ಬರಿದಾಯಿತು. ಒಂದೊಂದು ಡಬ್ಬಿಯಲ್ಲಿ 70ಕ್ಕೂ ಹೆಚ್ಚು ಮಂದಿ. ಕುಡಿಯಲು ಒಂದು ಬಕೆಟ್ ನೀರು, ಶೌಚಕ್ಕೆ ಇನ್ನೊಂದು ಬಕೆಟ್. ಕಶ್ಶ ಪಟ್ಟಣದವರೆಗೆ, ಅಂದರೆ ಇಂದಿನ ಸ್ಲೊವಾಕಿಯಾದ ಕೊಷಿತ್ಸೆಯವರೆಗೆ, ಕಾವಲಿದ್ದವರು ಹಂಗೇರಿಯ ಪೊಲೀಸರು. ಅಲ್ಲಿಂದಾಚೆ ಜರ್ಮನ್ನರು. ಹಂಗೇರಿಯಿಂದ ಬರುವ ರೈಲುಗಳಿಗಾಗಿಯೇ ಆಶ್‌ವಿಟ್ಜ್-ಬಿರ್ಕೆನೌನ ಒಳಗಿನವರೆಗೂ ಹೊಸ ಹಳಿ ಹಾಕಲಾಗಿತ್ತು. ಇಳಿದವರಲ್ಲಿ ಮಕ್ಕಳು, ಮಕ್ಕಳ ತಾಯಂದಿರು, ಮುದುಕರು ಬಹುತೇಕ ಅದೇ ದಿನ ವಿಷಾನಿಲಕ್ಕೆ ಬಲಿಯಾದರು.

ಮೇ 15ರಿಂದ ಜುಲೈ 9ರವರೆಗಿನ 56 ದಿನಗಳಲ್ಲಿ ಹಂಗೇರಿಯಿಂದ 147 ರೈಲುಗಳಲ್ಲಿ ಹೋದವರ ಸಂಖ್ಯೆ ಜರ್ಮನ್ ಪ್ರತಿನಿಧಿಯ ವರದಿಯಂತೆ 4,37,402. ಬಹುತೇಕ ಎಲ್ಲರೂ ಹೋದದ್ದು ಆಶ್‌ವಿಟ್ಜ್‌ಗೆ. ಹೊರದೇಶಗಳ ಒತ್ತಡ ಹೆಚ್ಚಿದ ಮೇಲೆ ಜುಲೈ 7ರಂದು ಹೋರ್ತಿ ಸಾಗಣೆ ನಿಲ್ಲಿಸಲು ಆಜ್ಞೆ ಮಾಡಿದರು. ಆಜ್ಞೆ ಮಾಡಿದಾಗ ರೈಲುಗಳು ನಿಂತವು. ನಿಲ್ಲಿಸುವ ಅಧಿಕಾರ ಹಂಗೇರಿಯ ಕೈಯಲ್ಲೂ ಇತ್ತೆಂಬುದಕ್ಕೆ ಇತಿಹಾಸಕಾರರು ಕೊಡುವ ಮುಖ್ಯ ಸಾಕ್ಷಿ ಇದು. ಇದರಿಂದ ರಾಜಧಾನಿ ಬುಡಾಪೆಸ್ಟಿನ ಯಹೂದಿಗಳಿಗೆ ತಾತ್ಕಾಲಿಕವಾಗಿ ಜೀವದಾನ ಸಿಕ್ಕಿತು. ಸಾವಿರಾರು ಜನರ ಪ್ರಾಣ ಉಳಿಸಿದ ಸ್ವೀಡನ್ನಿನ ರೌಲ್ ವಾಲೆನ್‌ಬರ್ಗ್ ಬುಡಾಪೆಸ್ಟಿಗೆ ಬಂದಿಳಿದದ್ದು ಜುಲೈ 9ರಂದು. ಅಷ್ಟರಲ್ಲಿ ಹಳ್ಳಿಗಳಲ್ಲಿ ಉಳಿಸಲು ಯಾರೂ ಇರಲಿಲ್ಲ.

ಮರಳಿದವರು, ಮರಳದವರು

1945ರಲ್ಲಿ ಶಿಬಿರಗಳಿಂದ ಮತ್ತು ದುಡಿಮೆ ಪಡೆಗಳಿಂದ ಕೆಲವರು ತಮ್ಮ ಹಳ್ಳಿಗಳಿಗೆ ಮರಳಿದರು. ಹೆಂಡತಿ, ಮಕ್ಕಳು, ತಂದೆತಾಯಿ ಇರಲಿಲ್ಲ. ಎಷ್ಟೋ ಮನೆಗಳಲ್ಲಿ ಬೇರೆಯವರು ಸಂಸಾರ ಹೂಡಿದ್ದರು. ಪ್ರಾರ್ಥನೆಗೆ ಬೇಕಾದ ಹತ್ತು ಗಂಡಸರು ಸೇರುವುದೂ ಕಷ್ಟವಾಯಿತು. ಕಮ್ಯುನಿಸ್ಟ್ ಆಡಳಿತದಲ್ಲಿ ವ್ಯಾಪಾರ, ತೋಟಗಳು ರಾಷ್ಟ್ರೀಕರಣವಾದವು. ಕೆಲವರು ಬುಡಾಪೆಸ್ಟಿಗೆ, ಕೆಲವರು ಇಸ್ರೇಲಿಗೆ, 1956ರ ದಂಗೆಯ ಹೊತ್ತಿಗೆ ಇನ್ನಷ್ಟು ಮಂದಿ ಅಮೆರಿಕಕ್ಕೆ ಹೊರಟುಹೋದರು.

ಬಕಿ, ಅವನ ಜತೆಗಾರ ಲಾಸ್ಲೊ ಎಂದ್ರೆ, ಒಳಾಡಳಿತ ಮಂತ್ರಿಯಾಗಿದ್ದ ಅಂದೊರ್ ಯರೊಶ್ 1946ರಲ್ಲಿ ಮರಣದಂಡನೆಗೆ ಗುರಿಯಾದರು. ಪ್ರಧಾನಿಯಾಗಿದ್ದ ಸ್ತೊಯೈಗೂ ಅದೇ ಶಿಕ್ಷೆಯಾಯಿತು. ಆಮೇಲೆ ದಶಕಗಳ ಕಾಲ ಸರ್ಕಾರಿ ಭಾಷೆಯಲ್ಲಿ 'ಫ್ಯಾಸಿಸಂಗೆ ಬಲಿಯಾದವರು' ಎಂಬ ಮಾತಷ್ಟೇ ಉಳಿಯಿತು. ಬಲಿಯಾದವರು ಯಾರು, ಅವರನ್ನು ಹಿಡಿದುಕೊಟ್ಟವರು ಯಾರು ಎಂಬುದನ್ನು ಆ ಮಾತು ಹೇಳುತ್ತಿರಲಿಲ್ಲ.

1989ರಲ್ಲಿ ಆಡಳಿತ ಬದಲಾದ ಮೇಲೆ ಈ ಪ್ರಶ್ನೆ ಮತ್ತೆ ಎದ್ದಿತು. 2000ದಲ್ಲಿ ಹಂಗೇರಿಯ ಸಂಸತ್ತು ಏಪ್ರಿಲ್ 16ನ್ನು ಸ್ಮರಣೆಯ ದಿನವೆಂದು ಗೊತ್ತುಮಾಡಿತು. 2001ರಿಂದ ಶಾಲೆಗಳಲ್ಲಿ ಆ ದಿನದ ಬಗ್ಗೆ ಹೇಳಿಕೊಡಲಾಗುತ್ತಿದೆ. 2004ರ ಏಪ್ರಿಲ್‌ನಲ್ಲಿ ಬುಡಾಪೆಸ್ಟಿನಲ್ಲಿ ಹತ್ಯಾಕಾಂಡದ ಸ್ಮಾರಕ ಕೇಂದ್ರ ತೆರೆಯಿತು. ಆದರೂ ವಾದ ಮುಗಿದಿಲ್ಲ. 2014ರಲ್ಲಿ ರಾಜಧಾನಿಯ ಚೌಕವೊಂದರಲ್ಲಿ ಸರ್ಕಾರ ನಿಲ್ಲಿಸಿದ ಸ್ಮಾರಕದಲ್ಲಿ ಹಂಗೇರಿಯನ್ನು ದೇವದೂತ ಗೇಬ್ರಿಯಲ್‌ನಂತೆ, ಜರ್ಮನಿಯನ್ನು ಅವನ ಮೇಲೆರಗುವ ಹದ್ದಿನಂತೆ ಚಿತ್ರಿಸಲಾಗಿದೆ. ಹಾಗಿದ್ದರೆ ಪಟ್ಟಿ ಹಿಡಿದು ಬಾಗಿಲು ಬಡಿದವರು ಯಾರು ಎಂದು ಟೀಕಾಕಾರರು ಕೇಳಿದರು. ಸ್ಮಾರಕದ ಎದುರಿನಲ್ಲೇ ಜನರು ಸತ್ತ ತಮ್ಮವರ ಭಾವಚಿತ್ರ, ಕನ್ನಡಕ, ಸೂಟ್‌ಕೇಸು, ಪತ್ರಗಳನ್ನು ತಂದಿಟ್ಟು ಪ್ರತಿಭಟಿಸಿದರು.

ಇತ್ತ ಕೆರೆಸ್ತಿರ್‌ನಲ್ಲಿ ರೆಬ್ ಶಾಯೆಲೆಯ ಮನೆ ಮತ್ತೆ ಯಹೂದಿಗಳ ಕೈಗೆ ಬಂದು ನವೀಕರಣಗೊಂಡಿದೆ. ಅಲ್ಲಿ ಬಂದವರಿಗೆಲ್ಲ ಬಿಸಿ ಊಟ ಬಡಿಸುವ ಪದ್ಧತಿ ಮರಳಿದೆ. ಊರಿನವರಿಗೆ ಇದು ಬೆರಗೂ ಹೌದು, ಇರಿಸುಮುರಿಸೂ ಹೌದು. ಯಾತ್ರಿಕರಿಗೆ ಕೋಣೆ ಬಾಡಿಗೆ ಕೊಟ್ಟು ನಾಲ್ಕು ಕಾಸು ಮಾಡಿಕೊಳ್ಳುವವರಿದ್ದಾರೆ. ರಸ್ತೆ ಮುಚ್ಚುತ್ತಾರೆ, ಮನೆಗಳನ್ನೆಲ್ಲ ಹೊರಗಿನವರೇ ಕೊಳ್ಳುತ್ತಿದ್ದಾರೆ ಎಂದು ಗೊಣಗುವವರೂ ಇದ್ದಾರೆ. ಹಿಂದೆ ಅಕ್ಕಪಕ್ಕದ ಮನೆಯವರಾಗಿದ್ದವರ ಮೊಮ್ಮಕ್ಕಳು ಈಗ ಪರಸ್ಪರ ಭಾಷೆ ತಿಳಿಯದ ಅಪರಿಚಿತರು.

ಯಾತ್ರಿಕರು ಹುಡುಕಿ ಬರುವುದು ಸಂತನ ಸಮಾಧಿಯನ್ನು. ಆದರೆ ಆ ಗುಡ್ಡದಲ್ಲಿ ಸಮಾಧಿ ಸಿಕ್ಕಿದ್ದು 1944ಕ್ಕೆ ಮುಂಚೆ ಸತ್ತವರಿಗೆ. ಆಶ್‌ವಿಟ್ಜ್‌ಗೆ ಹೋದ ಅವರ ಮಕ್ಕಳು ಮೊಮ್ಮಕ್ಕಳಿಗೆ ಎಲ್ಲೂ ಕಲ್ಲಿಲ್ಲ. ಅವರ ಹೆಸರುಗಳನ್ನು ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆ 1950ರ ದಶಕದಿಂದ ಒಂದೊಂದಾಗಿ ಸಂಗ್ರಹಿಸುತ್ತ ಬಂದಿದೆ. ಸತ್ತ ಅರವತ್ತು ಲಕ್ಷ ಯಹೂದಿಗಳ ಪೈಕಿ 48 ಲಕ್ಷಕ್ಕೂ ಹೆಚ್ಚು ಮಂದಿಯ ಹೆಸರು ಅಲ್ಲಿ ದಾಖಲಾಗಿದೆ. ಬಂಧುಗಳು ತುಂಬಿಕೊಟ್ಟ ಹಾಳೆಗಳ ಜತೆಗೆ, ಅಂದು ಅಧಿಕಾರಿಗಳು ಬರೆಸಿದ ಪಟ್ಟಿಗಳೂ ಈ ಕೆಲಸಕ್ಕೆ ಆಧಾರವಾಗಿವೆ.